ಫೋರ್ತ್ ವಿಂಗ್: ಡ್ರ್ಯಾಗನ್ ಸವಾರರ ಲೋಕವೂ ಅಲ್ಲಿನ ಪಾತ್ರಗಳೂ

‘ಫೋರ್ತ್ ವಿಂಗ್’ ಅಮೆರಿಕದ ಲೇಖಕಿ ರೆಬೆಕಾ ಯಾರೋಸ್ ಅವರ ಇಂಗ್ಲಿಷ್ ಕಾದಂಬರಿ. ಎಂಟ್ಯಾಂಗಲ್ಡ್ ಪ್ರಕಾಶನದ ರೆಡ್ ಟವರ್ ಬುಕ್ಸ್ ವಿಭಾಗ ಇದನ್ನು 2023ರ ಮೇ ತಿಂಗಳಲ್ಲಿ ಹೊರತಂದಿತು. ‘ಎಂಪೀರಿಯನ್’ ಮಾಲೆಯ ಮೊದಲ ಪುಸ್ತಕ ಇದು. ಎರಡನೆಯದಾದ ‘ಐರನ್ ಫ್ಲೇಮ್’ ಅದೇ ವರ್ಷದ ನವೆಂಬರಿನಲ್ಲೂ, ಮೂರನೆಯದಾದ ‘ಆನಿಕ್ಸ್ ಸ್ಟಾರ್ಮ್’ 2025ರ ಜನವರಿಯಲ್ಲೂ ಬಂದವು. ಒಟ್ಟು ಐದು ಪುಸ್ತಕಗಳ ಯೋಜನೆ. ಪ್ರೇಮಕಥೆಯನ್ನೂ ಮಾಯಾಲೋಕದ ಸಾಹಸವನ್ನೂ ಒಂದೇ ಹೆಣಿಗೆಗೆ ತರುವ ‘ರೊಮಾಂಟಸಿ’ ಎಂಬ ಪ್ರಕಾರಕ್ಕೆ ಈ ದಶಕದಲ್ಲಿ ಸಿಕ್ಕ ದೊಡ್ಡ ಓದುಗವರ್ಗದಲ್ಲಿ ಈ ಮಾಲೆಯ ಪಾಲು ಬಹಳ ಹಿರಿದು. ಇದು ವಯಸ್ಕರಿಗಾಗಿ ಬರೆದ ಪುಸ್ತಕ. ಇದರಲ್ಲಿ ಶೃಂಗಾರವೂ ಸಾವೂ ಧಾರಾಳ. ಮುಂದೆ ಓದುವವರು ಒಂದು ಮಾತು ನೆನಪಿಟ್ಟುಕೊಳ್ಳಬೇಕು: ಈ ಕಥೆಯ ಜೀವವಿರುವುದೇ ಗುಟ್ಟುಗಳಲ್ಲಿ, ಅವನ್ನು ಬಿಚ್ಚದೆ ಅಲ್ಲಿನ ಲೋಕವನ್ನು ವಿವರಿಸಲು ಬಾರದು.

ಹೆಸರಿಗೆ ಇದು ಡ್ರ್ಯಾಗನ್‌ಗಳ ಕಥೆ. ಆದರೆ ಪುಟ ತಿರುಗಿದಂತೆಲ್ಲ ಕಾಣುವುದು ಬೇರೆ: ಒಂದು ರಾಜ್ಯ ತನ್ನ ಚರಿತ್ರೆಯಿಂದ ಏನನ್ನು ಅಳಿಸಿಹಾಕಿದೆ, ಅಳಿಸಿದ್ದನ್ನು ಓದಬಲ್ಲವರು ಯಾರು ಎಂಬ ಪ್ರಶ್ನೆ. ನಾಯಕಿ ದಾಖಲೆಗಾರ್ತಿಯಾಗಿ ಬೆಳೆದವಳು, ನಾಯಕ ರಾಜದ್ರೋಹಿಯ ಮಗ, ಬಾಲ್ಯದ ಗೆಳೆಯನಿಗಿರುವುದು ಮುಟ್ಟಿ ನೆನಪು ಓದುವ ಶಕ್ತಿ. ಯಾರ ಬಳಿ ಯಾವ ಮಾಹಿತಿ ಇದೆ ಎಂಬ ಲೆಕ್ಕದಲ್ಲೇ ಈ ಲೋಕದ ಎಲ್ಲ ಸಂಬಂಧಗಳೂ ನಿಂತಿವೆ, ಪ್ರೇಮವೂ ಅದಕ್ಕೆ ಹೊರತಲ್ಲ.

ನಾಡು ಮತ್ತು ಗಡಿ

ಕಥೆ ನಡೆಯುವುದು ‘ಕಾಂಟಿನೆಂಟ್’ ಎಂದಷ್ಟೇ ಕರೆಸಿಕೊಳ್ಳುವ ಭೂಖಂಡದಲ್ಲಿ. ಅದರ ಒಂದು ಭಾಗ ನವಾರ್ ರಾಜ್ಯ: ಕಾಲ್ಡಿರ್, ಡೀಕನ್‌ಶೈರ್, ಎಲ್ಸಮ್, ಲುಸೆರಸ್, ಮೊರೇನ್, ಟಿರೆಂಡಾರ್ ಎಂಬ ಆರು ಪ್ರಾಂತ್ಯಗಳು, ಆಳುವವನು ದೊರೆ ಟೌರಿ. ಗಡಿಯಾಚೆ ಪೊರೊಮಿಯೆಲ್. ನವಾರ್‌ನ ಸೈನಿಕರು ಡ್ರ್ಯಾಗನ್ ಏರಿದರೆ ಪೊರೊಮಿಯೆಲ್‌ನವರು ಗ್ರಿಫನ್ ಏರುತ್ತಾರೆ. ಗ್ರಿಫನ್ ಎಂದರೆ ಹದ್ದಿನ ತಲೆ, ಸಿಂಹದ ಮೈಯ ಪ್ರಾಣಿ. ಶತಮಾನಗಳಿಂದ ಎರಡು ನಾಡುಗಳ ನಡುವೆ ಯುದ್ಧ. ಕಾರಣ ಕೇಳಿದರೆ ನವಾರ್‌ನ ಯಾವ ಪಾಠಪುಸ್ತಕವೂ ಕೊಡುವ ಉತ್ತರ ಒಂದೇ: ಅವರು ದುರಾಸೆಯಿಂದ ನಮ್ಮ ಮೇಲೆ ಏರಿಬರುತ್ತಾರೆ, ನಾವು ಕಾಪಾಡಿಕೊಳ್ಳುತ್ತೇವೆ.

ನವಾರ್‌ನ ಗಡಿಯನ್ನು ಕಾಯುವುದು ‘ವಾರ್ಡ್’ ಎಂಬ ಮಾಯಾಬೇಲಿ. ಡ್ರ್ಯಾಗನ್‌ಗಳು ಮರಿ ಮಾಡುವ ‘ವೇಲ್’ ಎಂಬ ಕಣಿವೆಯ ಸುತ್ತ ಆ ಶಕ್ತಿಯ ಮೂಲ. ಬೇಲಿಯೊಳಗೆ ಡ್ರ್ಯಾಗನ್ ಸವಾರರ ಮಂತ್ರಶಕ್ತಿಯ ವಿನಾ ಬೇರಾವುದೂ ನಡೆಯದು. ಓದುಗನಿಗೆ ಮೊದಲು ಇದು ಮಾಮೂಲಿ ಕೋಟೆಗೋಡೆಯಂತೆ ಕಾಣುತ್ತದೆ. ನಿಧಾನಕ್ಕೆ ತಿಳಿಯುವ ಸಂಗತಿ ಎಂದರೆ ಬೇಲಿಯಾಚೆ ‘ವೆನಿನ್’ ಎಂಬವರಿದ್ದಾರೆ. ಅವರೂ ಮನುಷ್ಯರೇ, ಆದರೆ ಡ್ರ್ಯಾಗನ್ನಿನ ಮೂಲಕ ಶಕ್ತಿ ಪಡೆಯುವ ಬದಲು ನೆಲದಿಂದಲೇ ಹೀರಿದವರು. ಅವರು ಕೈಯಿಟ್ಟ ಮಣ್ಣು ಬೂದಿಯಾಗುತ್ತದೆ, ಕಣ್ಣಂಚಿನಲ್ಲಿ ಕೆಂಪು ನರಗಳು ಹರಡುತ್ತವೆ. ಎರಡು ಕಾಲಿನ ‘ವೈವರ್ನ್’ಗಳನ್ನು ಅವರೇ ಸೃಷ್ಟಿಸಿ ಹಾರಿಸುತ್ತಾರೆ. ನವಾರ್‌ನ ಮಕ್ಕಳು ಇವರನ್ನು ಬಲ್ಲದ್ದು ಮಲಗುವ ಹೊತ್ತಿನ ಕಥೆಗಳಲ್ಲಿ ಮಾತ್ರ. ಪೊರೊಮಿಯೆಲ್ ದಾಳಿ ಮಾಡುತ್ತಿರುವುದು ನೆಲಕ್ಕಾಗಿ ಅಲ್ಲ. ವೆನಿನ್‌ಗಳನ್ನು ಕೊಲ್ಲಬಲ್ಲ ಮಿಶ್ರಲೋಹಕ್ಕಾಗಿ. ನವಾರ್‌ನ ಮೇಲ್ಮಟ್ಟದ ಸೇನಾಧಿಕಾರಿಗಳಿಗೆ ಇದು ಗೊತ್ತು. ಆ ಲೋಹವನ್ನು ಹೊರಗಿನವರಿಗೆ ಕೊಟ್ಟರೆ ಬೇಲಿ ದುರ್ಬಲವಾಗುತ್ತದೆ ಎಂಬ ಲೆಕ್ಕದಲ್ಲಿ ಅವರು ಬಾಯಿ ಮುಚ್ಚಿಕೊಂಡಿದ್ದಾರೆ. ಇಡೀ ಮಾಲೆಯ ನೈತಿಕ ಇಕ್ಕಟ್ಟು ಇಲ್ಲಿದೆ. ಖಳನಾಯಕರನ್ನು ಸುಮ್ಮನೆ ಕೆಟ್ಟವರನ್ನಾಗಿಸದೆ, ತಮ್ಮ ಜನರನ್ನು ಉಳಿಸಲು ಪಕ್ಕದ ಊರಿನವರನ್ನು ಸಾಯಲು ಬಿಟ್ಟವರನ್ನಾಗಿ ಮಾಡಿದ್ದು ಯಾರೋಸ್ ಅವರ ಜಾಣತನ.

ಮೊದಲ ಪುಸ್ತಕದಲ್ಲಿ ಈ ಭೂಗೋಳ ಬಹಳ ತೆಳು ಎಂಬ ಆಕ್ಷೇಪ ಉಂಟು, ಅದು ಸುಳ್ಳಲ್ಲ. ಊಟ, ಹಬ್ಬ, ವ್ಯಾಪಾರ, ಭಾಷೆಗಳ ವಿವರ ವಿರಳ. ಕಾಲೇಜಿನ ಗೋಡೆಯಾಚೆ ಬದುಕು ಹೇಗಿದೆ ಎಂಬುದು ಅಂದಾಜಿಗೆ ಬಿಟ್ಟದ್ದು. ಮೂರನೆಯ ಪುಸ್ತಕ ಡೆವರೆಲ್ಲಿ, ಹೆಡೋಟಿಸ್, ಅನ್‌ಬ್ರಿಯೆಲ್, ಝೆಹಿಲ್ನಾ ಎಂಬ ದ್ವೀಪಗಳಿಗೆ ಪಾತ್ರಗಳನ್ನು ಕರೆದೊಯ್ದು ಈ ಕೊರತೆಯನ್ನು ತುಂಬಲು ಯತ್ನಿಸುತ್ತದೆ.

ಬಾಸ್ಗಿಯತ್ ಯುದ್ಧ ಕಾಲೇಜು

ನವಾರ್‌ನ ಸೈನ್ಯಕ್ಕೆ ಅಧಿಕಾರಿಗಳನ್ನು ತಯಾರಿಸುವ ಬಾಸ್ಗಿಯತ್‌ನಲ್ಲಿ ನಾಲ್ಕು ವಿಭಾಗಗಳಿವೆ: ಸವಾರರು, ವೈದ್ಯರು, ಲಿಪಿಕಾರರು, ಪದಾತಿಗಳು. ಉಳಿದ ಮೂರರಲ್ಲಿ ವಿದ್ಯಾರ್ಥಿಗಳು ಓದಿ ಪಾಸಾಗುತ್ತಾರೆ. ಸವಾರರ ವಿಭಾಗದಲ್ಲಿ ಬದುಕಿ ಉಳಿದರೆ ಪಾಸು. ಆ ವಿಭಾಗದೊಳಗೆ ನಾಲ್ಕು ‘ವಿಂಗ್’ಗಳು, ಒಂದೊಂದರಲ್ಲೂ ಜ್ವಾಲೆ, ಪಂಜ, ಬಾಲ ಎಂಬ ಮೂರು ತುಕಡಿ, ತುಕಡಿಯೊಳಗೆ ದಳಗಳು. ನಾಯಕಿ ಸೇರುವುದು ನಾಲ್ಕನೆಯ ವಿಂಗಿಗೆ. ಪುಸ್ತಕದ ಹೆಸರು ಬಂದದ್ದು ಅದರಿಂದ.

ಪ್ರವೇಶವೇ ಮೊದಲ ಬಲಿ. ಎರಡು ಗೋಪುರಗಳ ನಡುವೆ ಹದಿನೆಂಟು ಅಂಗುಲ ಅಗಲದ ಕಲ್ಲಿನ ಸೇತುವೆ, ‘ಪ್ಯಾರಪೆಟ್’. ಕೆಳಗೆ ಕಣಿವೆ, ಪಕ್ಕಕ್ಕೆ ಕೈಗಂಬಿ ಇಲ್ಲ. ಅದನ್ನು ದಾಟಿದವರು ಮಾತ್ರ ವಿದ್ಯಾರ್ಥಿಗಳು. ನಾಯಕಿ ವಯಲೆಟ್ ಸರದಿ ಬರುವ ಹೊತ್ತಿಗೆ ಕಲ್ಲು ಮಳೆಯಲ್ಲಿ ನೆನೆದಿದೆ. ಸಾಲಿನಲ್ಲಿ ಆಗಷ್ಟೇ ಪರಿಚಯವಾದ ರಿಯಾನನ್ ಎಂಬ ಹುಡುಗಿಯ ಬೂಟಿನ ತಳ ಸವೆದು ನುಣುಪಾಗಿರುವುದು ಅವಳಿಗೆ ಕಾಣುತ್ತದೆ. ತನ್ನ ಒಂದು ಬೂಟನ್ನು ಬಿಚ್ಚಿ ಅವಳಿಗೆ ಕೊಟ್ಟು, ಅವಳದೊಂದನ್ನು ತಾನು ಹಾಕಿಕೊಳ್ಳುತ್ತಾಳೆ. ಇಬ್ಬರಿಗೂ ಒಂದು ಕಾಲು ಗಟ್ಟಿ, ಇನ್ನೊಂದು ಜಾರುವುದು. ಆಮೇಲೆ ಸೇತುವೆಯ ಮೇಲೆ ಹೆದರಿಕೆ ಹತ್ತಿಕ್ಕಲು ನವಾರ್‌ನ ಭೂಗೋಳ, ಇತಿಹಾಸಗಳ ಸಂಗತಿಗಳನ್ನು ಬಾಯಿಪಾಠದಂತೆ ಒಪ್ಪಿಸುತ್ತಾ ಹೆಜ್ಜೆಯಿಡುತ್ತಾಳೆ. ಲೋಕದ ವಿವರಗಳನ್ನು ಓದುಗನಿಗೆ ತಲುಪಿಸುವ ತಂತ್ರವಾಗಿ ಇದು ಸ್ವಲ್ಪ ಒರಟು. ಆದರೆ ಆ ಪಾಠದಲ್ಲಿ ಅವಳು ಒಪ್ಪಿಸಿದ ‘ಸತ್ಯ’ಗಳಲ್ಲಿ ಕೆಲವು ಸುಳ್ಳೆಂದು ಮುಂದೆ ಗೊತ್ತಾದಾಗ, ಪುಸ್ತಕವನ್ನು ಎರಡನೆಯ ಸಲ ಓದುವವರಿಗೆ ಆ ದೃಶ್ಯದ ಬಣ್ಣವೇ ಬದಲಾಗುತ್ತದೆ.

ಸೇತುವೆಯ ನಂತರ ಬಂಡೆಗೋಡೆಯ ಮೇಲಿನ ‘ಗಾಂಟ್ಲೆಟ್’ ಎಂಬ ಅಡೆತಡೆಯ ಹಾದಿ, ವಿದ್ಯಾರ್ಥಿಗಳನ್ನು ಡ್ರ್ಯಾಗನ್‌ಗಳ ಮುಂದೆ ನಡೆಸುವ ‘ಪ್ರೆಸೆಂಟೇಶನ್’, ಕೊನೆಗೆ ಡ್ರ್ಯಾಗನ್‌ಗಳು ತಮ್ಮ ಸವಾರರನ್ನು ಆರಿಸಿಕೊಳ್ಳುವ ‘ಥ್ರೆಶಿಂಗ್’. ಇದರ ನಡುವೆ ಕುಸ್ತಿಯ ಕಣದಲ್ಲಿ ಸವಾಲು ಪಂದ್ಯಗಳು, ವರ್ಷಾಂತ್ಯದಲ್ಲಿ ವಿಂಗ್‌ಗಳ ನಡುವಿನ ಯುದ್ಧಕ್ರೀಡೆ. ತನ್ನ ಸೈನಿಕರನ್ನು ತರಬೇತಿಯಲ್ಲೇ ಇಷ್ಟೊಂದು ಕಳೆದುಕೊಳ್ಳುವ ಸೈನ್ಯ ಯಾವ ಯುದ್ಧ ಗೆದ್ದೀತು ಎಂದು ಅನೇಕ ವಿಮರ್ಶಕರು ಕೇಳಿದ್ದಾರೆ. ಕಥೆ ಕೊಡುವ ಸಮಜಾಯಿಷಿ, ಈ ನಿಯಮಗಳು ಡ್ರ್ಯಾಗನ್‌ಗಳದು, ದುರ್ಬಲರನ್ನು ಅವು ಸಹಿಸುವುದಿಲ್ಲ ಎನ್ನುವುದು. ಅರ್ಧ ನಂಬುವಂತಿದೆ.

ನಿತ್ಯದ ತರಗತಿಗಳಲ್ಲಿ ಮುಖ್ಯವಾದದ್ದು ‘ಬ್ಯಾಟಲ್ ಬ್ರೀಫ್’. ಗಡಿಯಲ್ಲಿ ನಡೆದ ದಾಳಿಯ ವರದಿಯನ್ನು ಪ್ರೊಫೆಸರ್ ಡೆವೆರಾ ಮತ್ತು ಲಿಪಿಕಾರರ ಮುಖ್ಯಸ್ಥ ಮಾರ್ಕಮ್ ವಿದ್ಯಾರ್ಥಿಗಳ ಮುಂದಿಟ್ಟು, ಪ್ರಶ್ನೆ ಕೇಳಿಸಿ ವಿಶ್ಲೇಷಿಸುತ್ತಾರೆ. ದೇಶಕ್ಕೆ ಏನು ಗೊತ್ತಿರಬೇಕು ಎಂಬುದನ್ನು ಸೋಸುವ ಜಾಗ ಇದು.

ವಯಲೆಟ್ ಸೋರೆಂಗೇಲ್

ಇಪ್ಪತ್ತು ವರ್ಷದ ವಯಲೆಟ್ ಮೂವರು ಮಕ್ಕಳಲ್ಲಿ ಕಿರಿಯಳು. ತಾಯಿ ಜನರಲ್ ಲಿಲಿತ್, ಬಾಸ್ಗಿಯತ್‌ನ ಮೇಲಧಿಕಾರಿ, ಬಿರುಗಾಳಿ ಮಳೆಗಳನ್ನು ಬರಿಸಬಲ್ಲವಳು. ಅಕ್ಕ ಮೀರಾ ಹೆಸರುವಾಸಿ ಸವಾರಳು. ಅಣ್ಣ ಬ್ರೆನನ್ ಯುದ್ಧದಲ್ಲಿ ಸತ್ತನೆಂದು ಎಲ್ಲರ ನಂಬಿಕೆ. ತಂದೆ ಲಿಪಿಕಾರ; ಮಗಳನ್ನೂ ಅದೇ ವೃತ್ತಿಗೆ ಬೆಳೆಸಿ ತೀರಿಕೊಂಡವನು. ಪುಸ್ತಕಗಳ ನಡುವೆ ಬದುಕು ಕಳೆಯಲು ಸಿದ್ಧಳಾಗಿದ್ದ ಹುಡುಗಿಯನ್ನು ತಾಯಿ ಕಡೇ ಗಳಿಗೆಯಲ್ಲಿ ಸವಾರರ ವಿಭಾಗಕ್ಕೆ ತಳ್ಳುತ್ತಾಳೆ.

ವಯಲೆಟ್‌ಳ ಮೈ ನಾಜೂಕು. ಕೀಲುಗಳು ಸುಲಭವಾಗಿ ಜಾರುತ್ತವೆ, ಮೂಳೆ ಬೇಗ ಮುರಿಯುತ್ತದೆ, ಕೂದಲಿನ ತುದಿ ಬೆಳ್ಳಿಬಣ್ಣ. ಕಾದಂಬರಿ ಕಾಯಿಲೆಯ ಹೆಸರು ಹೇಳುವುದಿಲ್ಲ; ಆದರೆ ಯಾರೋಸ್ ತಮಗಿರುವ ಎಹ್ಲರ್ಸ್-ಡಾನ್ಲೋಸ್ ಸಿಂಡ್ರೋಮ್ ಎಂಬ ಸಂಯೋಜಕ ಅಂಗಾಂಶದ ತೊಂದರೆಯನ್ನೇ ನಾಯಕಿಗೂ ಕೊಟ್ಟಿರುವುದನ್ನು ಬಹಿರಂಗವಾಗಿ ಹೇಳಿದ್ದಾರೆ. ಇದನ್ನು ಅವರು ನಿಭಾಯಿಸಿದ ರೀತಿ ಗಮನಾರ್ಹ. ಮಂತ್ರಶಕ್ತಿ ಬಂದ ಮೇಲೆ ಕಾಯಿಲೆ ಮಾಯವಾಗುವುದಿಲ್ಲ. ಪಂದ್ಯಕ್ಕೆ ಮುನ್ನ ಮಂಡಿಗೆ ಪಟ್ಟಿ ಸುತ್ತುವುದು, ಜಾರಿದ ಭುಜವನ್ನು ಕೂರಿಸಿಕೊಳ್ಳುವುದು ಪುಸ್ತಕದಿಂದ ಪುಸ್ತಕಕ್ಕೆ ಮುಂದುವರಿಯುತ್ತದೆ. ಡ್ರ್ಯಾಗನ್ನಿನ ಬೆನ್ನ ಮೇಲೆ ತೊಡೆಯ ಬಲದಿಂದ ಅಂಟಿಕೊಂಡು ಕೂರಲು ಅವಳಿಗೆ ಆಗದು. ಮೊದಮೊದಲು ಹಾರಾಟದ ನಡುವೆ ಜಾರಿ ಬೀಳುತ್ತಲೇ ಇರುತ್ತಾಳೆ, ಡ್ರ್ಯಾಗನ್ ಹಿಡಿದೆತ್ತುತ್ತಲೇ ಇರುತ್ತದೆ. ಕೊನೆಗೆ ಅವಳಿಗಾಗಿ ಒಂದು ಜೀನು ತಯಾರಾಗುತ್ತದೆ. ಸವಾರರಲ್ಲಿ ಬೇರೆ ಯಾರಿಗೂ ಇಲ್ಲದ ಆ ಜೀನಿನ ಬಗ್ಗೆ ಅವಳಿಗಿರುವ ನಾಚಿಕೆ, ಆಮೇಲೆ ಅದು ಕರಗುವ ಬಗೆ, ಯಾವ ಕಾಳಗದ ದೃಶ್ಯಕ್ಕಿಂತಲೂ ನಿಜವಾಗಿ ಬಂದಿದೆ.

ಅವಳ ಅಸಲಿ ಆಯುಧ ಓದು. ಪಂದ್ಯದ ಎದುರಾಳಿ ಯಾರೆಂದು ಮುಂಚೆಯೇ ತಿಳಿದುಕೊಂಡು, ಗಿಡಮೂಲಿಕೆಗಳ ತನ್ನ ಜ್ಞಾನವನ್ನು ಬಳಸಿ, ಆತನ ಊಟಕ್ಕೆ ಅಷ್ಟಿಷ್ಟು ವಿಷ ಬೆರೆಸುತ್ತಾಳೆ: ಕೊಲ್ಲುವಷ್ಟಲ್ಲ, ಕಾಲು ತಡವರಿಸುವಷ್ಟು. ಗಾಂಟ್ಲೆಟ್‌ನಲ್ಲಿ ಗೋಡೆ ಹತ್ತಲು ಕತ್ತಿ ನೆಟ್ಟದ್ದು ಮೋಸ ಎಂದು ಮೂರನೆಯ ವಿಂಗಿನ ನಾಯಕಿ ಆಂಬರ್ ಮೇವಿಸ್ ದೂರಿದಾಗ, ವಯಲೆಟ್ ಅಲ್ಲೇ ನಿಂತು ನಿಯಮಾವಳಿಯ ಕಲಮನ್ನು ಉದ್ಧರಿಸುತ್ತಾಳೆ. ಸೇತುವೆ ದಾಟುವಾಗ ಮೈಮೇಲಿದ್ದ ವಸ್ತು ಅಭ್ಯರ್ಥಿಯ ದೇಹದ ಭಾಗವೇ ಎಂದು ಅದರಲ್ಲಿದೆ. ಹಾಗಾದರೆ ಕತ್ತಿ ಬಳಸಿದ್ದು ಕೈ ಬಳಸಿದಂತೆಯೇ. ವಾದ ಅವಳದೇ ಗೆಲ್ಲುತ್ತದೆ. ತೋಳ್ಬಲದ ಶಾಲೆಯೊಳಗೆ ಲಿಪಿಕಾರ್ತಿ ನುಸುಳಿರುವುದು ಇಡೀ ವಿಭಾಗಕ್ಕೆ ಗೊತ್ತಾಗುವುದು ಆಗಲೇ.

ಬ್ಯಾಟಲ್ ಬ್ರೀಫ್‌ನಲ್ಲಿ ವರದಿಗಳಲ್ಲಿ ಬಿಟ್ಟುಹೋದದ್ದನ್ನು ಗುರುತಿಸುವುದೂ ಅದೇ ಕಣ್ಣು. ತಂದೆ ಅವಳಿಗೆ ಓದಿಸಿದ ವೆನಿನ್‌ಗಳ ಕಥೆಗಳ ಸಂಗ್ರಹವೊಂದಿದೆ, ‘ದಿ ಫೇಬಲ್ಸ್ ಆಫ್ ದಿ ಬ್ಯಾರನ್’. ಕಾಲೇಜಿನ ಮಹಾ ಗ್ರಂಥಭಂಡಾರದಲ್ಲಿ ಅಂಥ ಪುಸ್ತಕದ ಸುಳಿವೇ ಇಲ್ಲ. ಎಲ್ಲ ಪುಸ್ತಕಗಳ ಪ್ರತಿ ಇರಲೇಬೇಕಾದ ಜಾಗದಲ್ಲಿ ಒಂದು ಪುಸ್ತಕ ಇಲ್ಲದಿರುವುದೇ ಕಥೆಯ ದೊಡ್ಡ ಸಾಕ್ಷ್ಯ.

ಜೇಡನ್ ರಿಯರ್ಸನ್ ಮತ್ತು ಬಂಡಾಯದ ಮಕ್ಕಳು

ಟಿರೆಂಡಾರ್ ಪ್ರಾಂತ್ಯ ಕೆಲ ವರ್ಷಗಳ ಹಿಂದೆ ಫೆನ್ ರಿಯರ್ಸನ್ ನೇತೃತ್ವದಲ್ಲಿ ದಂಗೆಯೆದ್ದು ಸೋತಿತ್ತು. ನಾಯಕರಿಗೆಲ್ಲ ಮರಣದಂಡನೆಯಾಯಿತು, ಮಕ್ಕಳ ಕಣ್ಣೆದುರೇ ತಂದೆತಾಯಿಯರನ್ನು ಸುಡಲಾಯಿತು. ಆ ಹೊತ್ತಿನಲ್ಲಿ ಮಕ್ಕಳ ತೋಳಿನ ಮೇಲೆ ಸುರುಳಿ ಸುರುಳಿಯಾದ ಗುರುತು ಮೂಡಿತು. ದ್ರೋಹಿಗಳ ಸಂತಾನ ಎಂದು ತೋರಿಸುವ ಈ ಗುರುತಿನವರು ಮೂವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಂದೆಡೆ ಸೇರುವುದು ಅಪರಾಧ, ಸವಾರರ ವಿಭಾಗಕ್ಕೆ ಸೇರುವುದು ಕಡ್ಡಾಯ. ಕಾಳಗದ ಫಲವನ್ನು ಮುಂಗಾಣಬಲ್ಲ ಜನರಲ್ ಮೆಲ್‌ಗ್ರೆನ್‌ಗೆ ಈ ಮಕ್ಕಳು ಗುಂಪಾಗಿರುವ ಕಡೆ ಏನೂ ಕಾಣುವುದಿಲ್ಲ. ಕಾನೂನಿನ ಹಿಂದಿನ ನಿಜವಾದ ಕಾರಣ ಅದು.

ಫೆನ್‌ನ ಮಗ ಜೇಡನ್ ಈಗ ನಾಲ್ಕನೆಯ ವಿಂಗಿನ ನಾಯಕ. ನೆರಳುಗಳನ್ನು ಹಗ್ಗದಂತೆ, ಗೋಡೆಯಂತೆ ಆಡಿಸಬಲ್ಲವನು. ಅವನ ಬೆನ್ನ ಮೇಲೆ 107 ಗಾಯದ ಗೆರೆಗಳಿವೆ. ಬಂಡಾಯದ ಒಬ್ಬೊಬ್ಬ ಮಗುವಿನ ನಿಷ್ಠೆಗೂ ತಾನು ಹೊಣೆ ಎಂದು ಅವನು ಒಪ್ಪಿಕೊಂಡದ್ದಕ್ಕೆ ಒಂದೊಂದು ಗೆರೆ. ಅವರಲ್ಲಿ ಯಾರೇ ತಪ್ಪಿದರೂ ತಲೆ ಹೋಗುವುದು ಅವನದು. ಅವನ ತಂದೆಯ ಪಡೆಯ ಕೈಯಲ್ಲಿ ವಯಲೆಟ್‌ಳ ಅಣ್ಣ ಸತ್ತನೆಂಬ ನಂಬಿಕೆ, ಅವಳ ತಾಯಿಯ ಕೈಯಲ್ಲಿ ಅವನ ತಂದೆ ಸೆರೆಸಿಕ್ಕಿ ಸತ್ತ: ಹಗೆಯಿಂದ ಒಲವಿಗೆ ತಿರುಗುವ ಹಳೆಯ ಸೂತ್ರಕ್ಕೆ ಇದಕ್ಕಿಂತ ಗಟ್ಟಿ ಅಡಿಪಾಯ ಸಿಗಲಾರದು.

ಪ್ರೇಮಕಥೆಗಳ ನಾಯಕರ ಸಿದ್ಧ ಅಚ್ಚು ಅವನಲ್ಲಿ ಇಲ್ಲದಿಲ್ಲ: ಕಪ್ಪು ಕೂದಲು, ಬಿಗಿದ ದವಡೆ, ಕಡಿಮೆ ಮಾತು. ಅವನನ್ನು ಅಚ್ಚಿನಿಂದ ಹೊರಗೆಳೆಯುವುದು ಗುಟ್ಟಿನ ಭಾರ. ಅವನು ಮಿಶ್ರಲೋಹದ ಕಠಾರಿಗಳನ್ನು ಕದ್ದು ಶತ್ರುಗಳೆನಿಸಿಕೊಂಡ ಗ್ರಿಫನ್ ಸವಾರರಿಗೆ ತಲುಪಿಸುತ್ತಿದ್ದಾನೆ, ಪ್ರೀತಿಸಿದವಳಿಗೂ ಹೇಳಿಲ್ಲ. ಹೇಳದಿರಲು ಅವನಿಗಿರುವ ಕಾರಣ ಡೇನ್.

ಡೇನ್ ಈಟಸ್ ವಯಲೆಟ್‌ಳ ಬಾಲ್ಯದ ಗೆಳೆಯ, ಅವಳ ದಳದ ನಾಯಕ. ನಿಯಮ ತಪ್ಪದವನು, ಅವಳನ್ನು ಹೇಗಾದರೂ ಮಾಡಿ ಸವಾರರ ವಿಭಾಗದಿಂದ ಹೊರಗೆ ಕಳಿಸಬೇಕೆಂದು ಹೆಣಗುವವನು. ಅವನಿಗಿರುವ ಶಕ್ತಿ, ಮುಖ ಮುಟ್ಟಿ ಆ ವ್ಯಕ್ತಿಯ ಇತ್ತೀಚಿನ ನೆನಪುಗಳನ್ನು ನೋಡುವುದು. ಅಕ್ಕರೆಯಿಂದ ಕೆನ್ನೆ ಸವರಿದಂತೆ ಕಾಣುವ ಒಂದು ಸನ್ನಿವೇಶದಲ್ಲಿ ಅವನು ಅವಳ ನೆನಪನ್ನು ಕದ್ದು ಮೇಲಧಿಕಾರಿಯಾದ ತಂದೆಗೆ ಒಪ್ಪಿಸುತ್ತಾನೆ. ಆ ಮಾಹಿತಿಯಿಂದ ಹೆಣೆದ ಬಲೆಯಲ್ಲಿ ಜನ ಸಾಯುತ್ತಾರೆ. ಡೇನ್‌ಗೆ ತಾನು ದೇಶಕ್ಕೆ ನಿಷ್ಠನಾಗಿದ್ದೇನೆ ಎಂಬ ನಂಬಿಕೆ ಪ್ರಾಮಾಣಿಕ. ಓದುಗರು ಅವನನ್ನು ಜೇಡನ್‌ನ ಯಾವ ಶತ್ರುವಿಗಿಂತಲೂ ಹೆಚ್ಚು ಬೈದಿರುವುದಕ್ಕೆ ಅದೇ ಕಾರಣವಿರಬಹುದು. ಜೇಡನ್ ಮುಚ್ಚಿಟ್ಟು ನಂಬಿಕೆ ಮುರಿಯುತ್ತಾನೆ, ಡೇನ್ ಬಿಚ್ಚಿ ನೋಡಿ ಮುರಿಯುತ್ತಾನೆ. ಎರಡನೆಯ ಪುಸ್ತಕದಲ್ಲಿ ಜೇಡನ್‌ಗೂ ಇತರರ ಮನಸ್ಸಿನ ಉದ್ದೇಶಗಳನ್ನು ಓದುವ ಇನ್ನೊಂದು ಶಕ್ತಿ ಇದೆಯೆಂದೂ, ಅದು ಬಯಲಾದರೆ ಮರಣದಂಡನೆಯೆಂದೂ ತಿಳಿದಾಗ ಈ ಜೋಡಿಯ ವ್ಯತ್ಯಾಸ ಇನ್ನಷ್ಟು ಕಲಸಿಹೋಗುತ್ತದೆ.

ಡ್ರ್ಯಾಗನ್‌ಗಳು

ಮೊದಲ ಪುಸ್ತಕದ ಮಟ್ಟಿಗೆ ಡ್ರ್ಯಾಗನ್‌ಗಳಲ್ಲಿ ಕಪ್ಪು, ನೀಲಿ, ಹಸಿರು, ಕಂದು, ಕಿತ್ತಳೆ, ಕೆಂಪು ಎಂಬ ಆರು ಬಣ್ಣ. ಕೆಂಪು ಮುಂಗೋಪಕ್ಕೆ, ಹಸಿರು ಬುದ್ಧಿಗೆ, ಕಿತ್ತಳೆ ಅಂದಾಜಿಗೆ ಸಿಗದ ನಡತೆಗೆ ಹೆಸರುವಾಸಿ. ಕಪ್ಪು ಬಹಳ ಅಪರೂಪ. ಬಾಲದ ಆಕಾರದಿಂದ ಇನ್ನೊಂದು ವಿಂಗಡಣೆ: ಕಠಾರಿ, ಖಡ್ಗ, ದೊಣ್ಣೆ, ಚೇಳು, ಮುಳ್ಳುಗದೆ, ಮರಿಗಳಲ್ಲಿ ಗರಿ. ಮನುಷ್ಯರು ಸಾಕಿದ ಪ್ರಾಣಿಗಳಲ್ಲ ಇವು. ‘ಎಂಪೀರಿಯನ್’ ಎಂಬುದು ಅವುಗಳದೇ ಹಿರಿಯರ ಸಭೆ. ಮಾಲೆಗೆ ಆ ಹೆಸರನ್ನಿಟ್ಟಿರುವುದರಲ್ಲಿ ಅಧಿಕಾರ ಯಾರದೆಂಬ ಸೂಚನೆಯಿದೆ.

ಬಾಂಧವ್ಯ ಕೂಡಿದ ಡ್ರ್ಯಾಗನ್ ತನ್ನ ಸವಾರನ ಮನಸ್ಸಿನೊಳಗೆ ಮಾತನಾಡುತ್ತದೆ, ಬೇರೆಯವರಿಗೆ ಅದು ಕೇಳಿಸದು. ಸವಾರನ ಮೈಮೇಲೆ ಅದರ ಗುರುತು ಮೂಡುತ್ತದೆ. ಅದರ ಶಕ್ತಿ ಹರಿದು ಬಂದು ಸವಾರನಲ್ಲಿ ‘ಸಿಗ್ನೆಟ್’ ಎಂಬ ಸ್ವಂತ ವಿದ್ಯೆಯಾಗಿ ಹೊರಹೊಮ್ಮುತ್ತದೆ. ಅದು ಅವರವರ ಸ್ವಭಾವಕ್ಕೆ ತಕ್ಕಂತೆ ಇರುತ್ತದೆ. ಹೊರಬಾರದಿದ್ದರೆ ಒಳಗಿನ ಶಕ್ತಿಯೇ ಸುಟ್ಟು ಕೊಲ್ಲುತ್ತದೆ. ಡ್ರ್ಯಾಗನ್ ಸತ್ತರೆ ಸವಾರನೂ ಸಾಯುತ್ತಾನೆ. ಸವಾರ ಸತ್ತರೆ ಡ್ರ್ಯಾಗನ್ ಬದುಕಿ ಉಳಿಯಬಹುದು. ಈ ಅಸಮ ಒಪ್ಪಂದದ ಬಗ್ಗೆ ಯಾವ ಪಾತ್ರವೂ ದೂರುವುದಿಲ್ಲ ಎಂಬುದು ವಿಚಿತ್ರ.

ವಯಲೆಟ್‌ಳನ್ನು ಆರಿಸಿಕೊಂಡ ಟೇರ್ನ್ ದೊಡ್ಡ ಕಪ್ಪು ಡ್ರ್ಯಾಗನ್, ಮುಳ್ಳುಗದೆಯ ಬಾಲದವನು. ಹಿಂದಿನ ಸವಾರ ನಾವೊಲಿನ್ ಸತ್ತ ಮೇಲೆ ಮತ್ತೆ ಯಾರನ್ನೂ ಹತ್ತಿಸಿಕೊಳ್ಳುವುದಿಲ್ಲ ಎಂದುಕೊಂಡಿದ್ದವನು. ಥ್ರೆಶಿಂಗ್ ದಿನ ಸಹಪಾಠಿ ಜ್ಯಾಕ್ ಬಾರ್ಲೋ ಮತ್ತವನ ಸಂಗಡಿಗರು ಚಿಕ್ಕದೊಂದು ಚಿನ್ನದ ಬಣ್ಣದ ಮರಿಯನ್ನು ದುರ್ಬಲ ಎಂದು ಕೊಲ್ಲಲು ಹೊರಟಾಗ, ತಾನೇ ನೆಟ್ಟಗೆ ನಿಲ್ಲಲಾರದ ವಯಲೆಟ್ ಅಡ್ಡ ನಿಲ್ಲುತ್ತಾಳೆ. ಟೇರ್ನ್ ಇಳಿದು ಬರುವುದು ಅದನ್ನು ಕಂಡು. ಮಾತು ಒರಟು, ಅಹಂಕಾರ ಬೆಟ್ಟದಷ್ಟು, ವ್ಯಂಗ್ಯ ಹರಿತ. ಪುಸ್ತಕದ ಹಾಸ್ಯವೆಲ್ಲ ಅವನದೇ. ಆ ಚಿನ್ನದ ಮರಿ ಆಂಡಾರ್ನಾ ಕೂಡ ವಯಲೆಟ್‌ಳನ್ನೇ ಆರಿಸಿಕೊಳ್ಳುತ್ತದೆ. ಒಬ್ಬ ಸವಾರಳಿಗೆ ಎರಡು ಡ್ರ್ಯಾಗನ್ ಎಂಬುದು ಹಿಂದೆಂದೂ ಕಂಡಿಲ್ಲದ್ದು. ಆಂಡಾರ್ನಾ ಕೊಡುವ ವರ, ಕೆಲವು ಕ್ಷಣ ಕಾಲವನ್ನೇ ನಿಲ್ಲಿಸುವುದು. ಅದು ಮರಿಯಾಗಿರುವಷ್ಟು ದಿನ ಮಾತ್ರ ನಡೆಯುವ ವಿದ್ಯೆ. ಮುಂದಿನ ಪುಸ್ತಕಗಳಲ್ಲಿ ಆಂಡಾರ್ನಾ ಬೆಳೆದು, ಆರು ಬಣ್ಣಗಳ ಹೊರಗಿನ ಏಳನೆಯ ತಳಿಯದೆಂದು ತಿಳಿಯುತ್ತದೆ. ಆ ತಳಿಯೇ ದಾಖಲೆಗಳಿಂದ ಮರೆಯಾಗಿತ್ತು. ಮನುಷ್ಯರಷ್ಟೇ ಅಲ್ಲ, ಡ್ರ್ಯಾಗನ್‌ಗಳೂ ಮುಚ್ಚಿಡಬಲ್ಲವು.

ಟೇರ್ನ್‌ನ ಸಂಗಾತಿ ಸ್ಗೇಲ್, ಕಠಾರಿ ಬಾಲದ ನೀಲಿ ಡ್ರ್ಯಾಗನ್, ಕ್ರೂರಿ ಎಂದು ಹೆಸರಾದವಳು; ಅವಳ ಸವಾರ ಜೇಡನ್. ಜೋಡಿ ಡ್ರ್ಯಾಗನ್‌ಗಳು ಕೆಲವು ದಿನಗಳಿಗಿಂತ ಹೆಚ್ಚು ದೂರವಿರಲಾರವು. ಒಬ್ಬ ಸವಾರ ಸತ್ತರೆ ಆ ನೋವು ಸರಪಣಿಯಾಗಿ ನಾಲ್ವರನ್ನೂ ಕೊಲ್ಲಬಹುದು. ಹಾಗಾಗಿ ಒಬ್ಬರನ್ನೊಬ್ಬರು ಕೊಲ್ಲಬೇಕಿದ್ದ ಇಬ್ಬರಿಗೆ ಪರಸ್ಪರರ ಪ್ರಾಣ ಕಾಯುವ ಗತಿ ಬರುತ್ತದೆ. ಡ್ರ್ಯಾಗನ್‌ಗಳ ಮೋಹವೂ ಸವಾರರ ಮನಸ್ಸಿಗೆ ಹರಿಯುತ್ತದೆ. ತನ್ನ ಆಸೆ ತನ್ನದೋ ಟೇರ್ನ್‌ನದೋ ಎಂದು ತಿಳಿಯದೆ ವಯಲೆಟ್ ಹಿಮದಲ್ಲಿ ಓಡಾಡುವ ಸನ್ನಿವೇಶವಿದೆ. ಎರಡನೆಯ ಪುಸ್ತಕದಲ್ಲಿ ಜೇಡನ್ ದೂರದ ಸಮಾರಾ ಠಾಣೆಗೆ ವರ್ಗವಾದಾಗ ಅಧಿಕಾರಿಗಳು ಈ ದೂರದ ಮಿತಿಯನ್ನೇ ಶಿಕ್ಷೆಯ ಸಾಧನವಾಗಿ ಬಳಸುತ್ತಾರೆ. ರಜೆ ಮಂಜೂರು ಮಾಡುವ ಅಧಿಕಾರವೇ ಚಾಟಿಯಾಗುವುದನ್ನು ಸೈನಿಕ ಕುಟುಂಬದಲ್ಲಿ ಹುಟ್ಟಿ ಸೈನಿಕನನ್ನೇ ಮದುವೆಯಾದ ಲೇಖಕಿಯಷ್ಟು ಚೆನ್ನಾಗಿ ಬೇರೆ ಯಾರು ಬರೆದಾರು? ಈ ಮಾಲೆಗೆ ಮುನ್ನ ಯಾರೋಸ್ ಬರೆದದ್ದು ಸಮಕಾಲೀನ ಪ್ರೇಮಕಾದಂಬರಿಗಳು. 2014ರ ‘ಫುಲ್ ಮೆಷರ್ಸ್’ನಿಂದ ಶುರುವಾದ ಸರಣಿ ಸೈನ್ಯದ ಪೈಲಟ್‌ಗಳ ಸುತ್ತಲಿನದು.

ದಳದವರು

ಸುತ್ತಲಿನ ಪಾತ್ರಗಳಲ್ಲಿ ಮೊದಲಿಗಳು ರಿಯಾನನ್ ಮಥಾಯಸ್, ದೂರದ ವಸ್ತುಗಳನ್ನು ಕೈಗೆ ತರಿಸಬಲ್ಲವಳು, ತಣ್ಣನೆಯ ತಲೆಯವಳು. ರಿಡೊಕ್ ಮಾತಿನ ಮಲ್ಲ, ಮಂಜನ್ನು ಆಡಿಸುವವನು. ಸಾಯರ್ ಲೋಹ ಬಗ್ಗಿಸುವವನು, ಮೊದಲ ವರ್ಷವನ್ನು ಎರಡನೆಯ ಸಲ ಮಾಡುತ್ತಿರುವವನು. ಇಮೋಜೆನ್ ಬಂಡಾಯದ ಮಗಳು. ನೆನಪು ಅಳಿಸುವುದು ಅವಳ ವಿದ್ಯೆ. ಲಿಪಿಕಾರರ ವಿಭಾಗದ ಜೆಸಿನಿಯಾ ಕಿವಿ ಕೇಳದವಳು, ಸಂಜ್ಞಾಭಾಷೆಯಲ್ಲಿ ಮಾತಾಡುವವಳು. ಇಡೀ ಕಾದಂಬರಿಯನ್ನು ನವಾರ್‌ನ ಭಾಷೆಯಿಂದ ಇಂದಿನ ಭಾಷೆಗೆ ತಂದವಳು ಅವಳೇ ಎಂಬ ಟಿಪ್ಪಣಿ ಪುಸ್ತಕದ ಆರಂಭದಲ್ಲಿದೆ. ಅಧ್ಯಾಯಗಳ ನೆತ್ತಿಯ ಮೇಲೆ ಕಾಲ್ಪನಿಕ ಪತ್ರ, ಪಠ್ಯ, ನಿಯಮಾವಳಿಗಳ ತುಣುಕುಗಳು ಬರುವುದೂ ಈ ಚೌಕಟ್ಟಿನ ಭಾಗ.

ಲಿಯಮ್ ಮೈರಿಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಜೇಡನ್ ಜೊತೆ ಒಂದೇ ಮನೆಯಲ್ಲಿ ಬೆಳೆದವನು, ದೂರದೃಷ್ಟಿಯ ಶಕ್ತಿಯವನು, ಬಿಡುವಾದಾಗ ಮರದಲ್ಲಿ ಚಿಕ್ಕ ಡ್ರ್ಯಾಗನ್‌ಗಳನ್ನು ಕೆತ್ತುವವನು. ವಯಲೆಟ್‌ಳನ್ನು ಕಾಯುವ ಕೆಲಸ ಅವನ ಪಾಲಿಗೆ ಬರುತ್ತದೆ. ಯುದ್ಧಕ್ರೀಡೆಯ ಹೆಸರಲ್ಲಿ ಅವರಿಬ್ಬರನ್ನೂ ಜೇಡನ್ ತಂಡದೊಂದಿಗೆ ಅಥೆಬೀನ್ ಠಾಣೆಗೆ ಕಳಿಸಿದಾಗ ಠಾಣೆ ಖಾಲಿ. ಪಕ್ಕದ ರೆಸನ್ ಊರಿನ ಮೇಲೆ ವೆನಿನ್‌ಗಳು ಎರಗಿದ್ದಾರೆ. ಊರನ್ನು ಬಿಟ್ಟು ಜೀವ ಉಳಿಸಿಕೊಳ್ಳಬಹುದಿತ್ತು, ಅವರು ಹಾಗೆ ಮಾಡಲಿಲ್ಲ. ಲಿಯಮ್‌ನ ಡ್ರ್ಯಾಗನ್ ಡೇ ಮೊದಲು ಸಾಯುತ್ತದೆ, ಆಮೇಲೆ ಅವನಿಗೆ ಉಳಿದಿರುವುದು ಕೆಲವೇ ಗಳಿಗೆ ಎಂದು ಎಲ್ಲರಿಗೂ ಗೊತ್ತು. ಹಿಂದೆ ನಿಯಮವಾಗಿ ಓದಿದ್ದು ಇಲ್ಲಿ ಸಂಕಟವಾಗಿ ಅನುಭವಕ್ಕೆ ಬರುತ್ತದೆ. ಕಾದಂಬರಿಯ ಅತ್ಯುತ್ತಮ ಪುಟಗಳು ಇವೇ. ವಯಲೆಟ್‌ಳ ಮಿಂಚು ಹರಿಸುವ ಶಕ್ತಿ ಪೂರ್ಣವಾಗಿ ಕೆಲಸ ಮಾಡುವುದೂ ಈ ಕಾಳಗದಲ್ಲಿ. ವಿಷದ ಕತ್ತಿಯ ಇರಿತಕ್ಕೆ ಸಿಕ್ಕ ಅವಳನ್ನು ಜೇಡನ್ ಅರೇಶಿಯಾಕ್ಕೆ ಒಯ್ಯುತ್ತಾನೆ; ಸುಟ್ಟು ನೆಲಸಮವಾಯಿತೆಂದು ದಾಖಲೆ ಹೇಳುವ ಆ ಪಟ್ಟಣ ಇನ್ನೂ ಇದೆ, ಸತ್ತನೆಂದು ದಾಖಲಾದ ಬ್ರೆನನ್ ಅಲ್ಲಿ ಬದುಕಿದ್ದಾನೆ.

ಜ್ಯಾಕ್ ಬಾರ್ಲೋ ಶಾಲೆಯ ಪುಂಡ, ಮೊದಲ ಪುಸ್ತಕದಲ್ಲಿ ಅದಕ್ಕಿಂತ ಹೆಚ್ಚೇನಿಲ್ಲ. ತಾಯಿ ಲಿಲಿತ್ ಹಾಗಲ್ಲ. ಮಗಳನ್ನು ಸಾವಿನ ಬಾಯಿಗೆ ತಳ್ಳಿದವಳಾಗಿ ಶುರುವಾಗಿ, ಎರಡನೆಯ ಪುಸ್ತಕದ ಕೊನೆಗೆ ಬಾಸ್ಗಿಯತ್‌ನ ವಾರ್ಡ್ ಕಲ್ಲಿಗೆ ತನ್ನ ಪ್ರಾಣಶಕ್ತಿಯನ್ನೇ ಎರೆದು ಸಾಯುತ್ತಾಳೆ. ಅದೇ ಕಾಳಗದಲ್ಲಿ ಪ್ರಿಯರನ್ನು ಉಳಿಸಲು ಜೇಡನ್ ನೆಲದಿಂದ ಶಕ್ತಿ ಹೀರಿ ವೆನಿನ್ ಆಗುತ್ತಾನೆ. ಮೂರನೆಯ ಪುಸ್ತಕ ಮುಗಿಯುವಾಗ ವಯಲೆಟ್‌ಗೆ ಮದುವೆಯಾಗಿದೆ, ಆದರೆ ಹಿಂದಿನ ಹನ್ನೆರಡು ಗಂಟೆಗಳ ನೆನಪಿಲ್ಲ. ಅಳಿಸಲು ಕೇಳಿಕೊಂಡವಳು ಅವಳೇ. ದಾಖಲೆ ಹುಡುಕಿ ರಾಜ್ಯವನ್ನು ಎದುರುಹಾಕಿಕೊಂಡವಳು ತನ್ನ ದಾಖಲೆಯನ್ನು ತಾನೇ ತೆಗೆಸಿಹಾಕುತ್ತಾಳೆ.

ಪರಂಪರೆ, ಓದುಗರು, ತಕರಾರು

ಡ್ರ್ಯಾಗನ್ ಸವಾರರ ಕಥೆಗಳಿಗೆ ಇಂಗ್ಲಿಷಿನಲ್ಲಿ ದೊಡ್ಡ ಪರಂಪರೆಯಿದೆ. ಮನಸ್ಸಿನಲ್ಲಿ ಮಾತನಾಡುವ ಡ್ರ್ಯಾಗನ್, ಹುಟ್ಟಿನ ಗಳಿಗೆಯ ಬಾಂಧವ್ಯ, ಡ್ರ್ಯಾಗನ್‌ಗಳ ಮಿಲನ ಸವಾರರನ್ನೂ ಸೆಳೆಯುವುದು, ಇವೆಲ್ಲ ಆ್ಯನ್ ಮೆಕ್ಯಾಫ್ರಿ 1968ರ ‘ಡ್ರ್ಯಾಗನ್‌ಫ್ಲೈಟ್’ನಲ್ಲಿ ಕಟ್ಟಿದ ಪರ್ನ್ ಗ್ರಹದಲ್ಲಿ ಆಗಲೇ ಇದ್ದವು. ಕ್ರಿಸ್ಟೋಫರ್ ಪಾವೊಲಿನಿಯ ‘ಎರಾಗಾನ್’ ಮಕ್ಕಳಿಗೆ ಅದನ್ನು ತಲುಪಿಸಿತು. ನವೊಮಿ ನೋವಿಕ್ ನೆಪೋಲಿಯನ್ ಕಾಲದ ಯುದ್ಧಕ್ಕೆ ಡ್ರ್ಯಾಗನ್ ಪಡೆಯನ್ನು ಇಳಿಸಿದರು. ಪೈಪೋಟಿಯೇ ಕೊಲೆಗಡುಕವಾಗುವ ಕಲ್ಪನೆ ‘ದಿ ಹಂಗರ್ ಗೇಮ್ಸ್’, ‘ಡೈವರ್ಜೆಂಟ್’ ಓದಿದವರಿಗೆ ಹೊಸದಲ್ಲ. ವಯಸ್ಕ ಪ್ರೇಮವನ್ನು ಮಾಯಾಲೋಕದ ನಡುಮಧ್ಯೆ ಇಟ್ಟು ಗೆಲ್ಲಬಹುದೆಂದು ತೋರಿಸಿದ್ದು ಸಾರಾ ಜೆ. ಮಾಸ್ 2015ರಲ್ಲಿ ಶುರುಮಾಡಿದ ‘ಎ ಕೋರ್ಟ್ ಆಫ್ ಥಾರ್ನ್ಸ್ ಆ್ಯಂಡ್ ರೋಸಸ್’ ಸರಣಿ. ಯಾರೋಸ್ ಈ ಎಲ್ಲ ಎಳೆಗಳನ್ನೂ ಬಲ್ಲರು. ವರ್ತಮಾನಕಾಲದಲ್ಲಿ, ‘ನಾನು’ ಎಂದು ನಿರೂಪಿಸುವ ವೇಗದ ಶೈಲಿ ಅವರದು. ಅದರ ಜೊತೆಗೇ ಬರುವ ಇಂದಿನ ಅಮೆರಿಕನ್ ಆಡುಮಾತು, ಬೈಗುಳ, ಒಂದೇ ಬಗೆಯ ವರ್ಣನೆಯ ಪುನರಾವರ್ತನೆ ಹಲವರಿಗೆ ಹಿಡಿಸಿಲ್ಲ. ಡ್ರ್ಯಾಗನ್‌ಗಳ ಹೆಸರುಗಳನ್ನು ಸ್ಕಾಟಿಷ್ ಗೇಲಿಕ್‌ನಿಂದ ಎತ್ತಿಕೊಂಡು ಉಚ್ಚಾರಣೆಯನ್ನು ಬೇಕಾಬಿಟ್ಟಿ ಮಾಡಿದ್ದಾರೆಂದು ಆ ಭಾಷಿಕರು ಆಕ್ಷೇಪಿಸಿದ್ದಾರೆ.

ಟಿಕ್‌ಟಾಕ್‌ನ ಪುಸ್ತಕಪ್ರಿಯರ ವಲಯವಾದ ‘ಬುಕ್‌ಟಾಕ್’ನಲ್ಲಿ ‘ಫೋರ್ತ್ ವಿಂಗ್’ ಹೆಸರು ಬಾಯಿಂದ ಬಾಯಿಗೆ ಹರಡಿ, ಅಂಚಿಗೆ ಬಣ್ಣ ಹಚ್ಚಿದ ಮೊದಲ ಮುದ್ರಣದ ಪ್ರತಿಗಳು ಸಂಗ್ರಹಯೋಗ್ಯವಾದವು. ‘ಆನಿಕ್ಸ್ ಸ್ಟಾರ್ಮ್’ ಮೊದಲ ವಾರದಲ್ಲೇ 27 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಮೈಕಲ್ ಬಿ. ಜೋರ್ಡನ್ ಅವರ ಔಟ್‌ಲಯರ್ ಸೊಸೈಟಿ ಮತ್ತು ಅಮೆಜಾನ್ ಎಂಜಿಎಂ ಸ್ಟುಡಿಯೋಸ್ ಈ ಮಾಲೆಯನ್ನು ಟಿವಿ ಸರಣಿಯಾಗಿಸಲು ಕೈಹಾಕಿವೆ. ಆಕಾಶದ ಕಾಳಗಗಳನ್ನು ಕಂಪ್ಯೂಟರ್ ಚಿತ್ರಣ ನಿಭಾಯಿಸೀತು. ಒಬ್ಬಳ ತಲೆಯೊಳಗೆ ಮಾತ್ರ ಕೇಳಿಸುವ ಟೇರ್ನ್‌ನ ವ್ಯಂಗ್ಯವನ್ನು ಪರದೆಯ ಮೇಲೆ ನಗೆಪಾಟಲಾಗದಂತೆ ತರುವುದು ಅದಕ್ಕಿಂತ ಕಷ್ಟದ ಕೆಲಸ.